ತಾಟಿನ ತಳದ ಹೆಸರು

ಮನೆಯ ಕೀಲಿಕೈ ಸಿಕ್ಕ ದಿನ ನಾವು ಮೂವರು ಮಾಡಿದ ಮೊದಲ ಕೆಲಸ ಜಗಳ. ಬಾಗಿಲು ಯಾರು ತೆಗೆಯಬೇಕು ಎಂಬುದಕ್ಕೆ. ಕೊನೆಗೆ ನಾನೇ ತೆಗೆದೆ. ಹಕ್ಕು ನನ್ನದು ಅಂತಲ್ಲ, ಮೂವರಲ್ಲಿ ದೊಡ್ಡ ಗಂಟಲು ನನ್ನದು. ಒಳಗಿನಿಂದ ತೌಡಿನ ವಾಸನೆ ಬಂತು. ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಮನೆ ಹಿಡಿದವರಿಗೆ ಆ ವಾಸನೆ ಪುಕ್ಕಟೆ. ಎರಡು ಕೋಣೆ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊಸ್ತಿಲಲ್ಲೇ ನಿಲ್ಲಬೇಕಾದ ಅಡುಗೆಮನೆ, ಮುಂದೆ ಬಟ್ಟೆ ಒಣಹಾಕಲು ಮಾಳಿಗೆ. ಅಷ್ಟೇ. ನನಗೆ ಮಾತ್ರ ಖುಷಿ ತಡೆಯಲಾಗಲಿಲ್ಲ. ಖಾಲಿ ಕೋಣೆಯ ನಡುವೆ ನಿಂತು "ನಮ್ಮ ಮನಿ ಲೇ!" ಎಂದು ಕೂಗಿಬಿಟ್ಟೆ. ಕೆಳಗಿನಿಂದ ಮನೆಯೊಡತಿ ಅಮ್ಮ "ಏಮೈಂದಮ್ಮಾ, ಯಾರಾನಾ ಬಿದ್ರಾ?" ಎಂದು ತೆಲುಗು ಬೆರೆಸಿ ಕೇಳಿದರು.

ನಮ್ಮ ಹೆಸರು ಹೇಳುವುದಿಲ್ಲ. ಆಗ ನಾವೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ. ಎಂ.ಎ. ಕ್ಲಾಸಿನಲ್ಲಿ ನನ್ನ ಹೆಸರಿನವರೇ ಇನ್ನಿಬ್ಬರಿದ್ದರು. ಹಾಗಾಗಿ ಎಲ್ಲರಿಗೂ ಅವರವರ ಊರೇ ಹೆಸರಾಯಿತು. ನಾನು ಮಸ್ಕಿ. ಮಸ್ಕಿಯಿಂದ ದಿನಾ ಬಸ್ಸಿಗೆ ಓಡಾಡಬಹುದಿತ್ತು, ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕೂತು ಅಪ್ಪ ಅದನ್ನೇ ಹೇಳಿದ. ಬಸ್ಸು ಹತ್ತಿದರೆ ತಲೆ ತಿರುಗುತ್ತದೆ ಎಂದು ನಾನು ಹಟ ಹಿಡಿದು, ಊಟ ಬಿಟ್ಟು, ಅಕ್ಕಪಕ್ಕದವರ ಮುಂದೆ ಕಣ್ಣೀರು ಹಾಕಿ ಅವನನ್ನು ಒಪ್ಪಿಸಿದೆ. ಎರಡನೆಯವಳು ಲಿಂಗಸುಗೂರು. ಅವಳ ಅಬ್ಬಾ ಟೇಲರ್. ಮನೆಯಲ್ಲಿ ದಖನಿ, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಮೂರನೆಯವಳು ಗುರುಗುಂಟಾ. ಮಳೆ ನಂಬಿದ ಹೊಲ, ಕುರಿ, ಎಮ್ಮೆಗಳ ಮನೆಯ ಹುಡುಗಿ. ಮಾತು ಕಡಿಮೆ, ಓದು ವಿಪರೀತ. ಹಾಸ್ಟೆಲಿನಲ್ಲಿ ಮೂವರಿಗೂ ಸೀಟು ಸಿಕ್ಕಿರಲಿಲ್ಲ, ಅದೇ ನಮ್ಮ ಗೆಳೆತನದ ಮೊದಲ ಕಾರಣ.

ಸಾಮಾನು ಬಂದದ್ದು ನೋಡಬೇಕಿತ್ತು. ನಮ್ಮವ್ವ ಅಟ್ಟ ಖಾಲಿ ಮಾಡಿದ್ದಳು. ಅವಳ ಮದುವೆಯಲ್ಲಿ, ಅಕ್ಕಂದಿರ ಮದುವೆಯಲ್ಲಿ ಬಂದು, ಸುತ್ತಿದ ಕಾಗದವನ್ನೂ ಬಿಚ್ಚದೆ ಇಟ್ಟಿದ್ದ ಸ್ಟೀಲಿನ ತಾಟು, ತಂಬಿಗೆ, ಬೋಗುಣಿ, ಡಬರಿಗಳು ಎರಡು ಚೀಲ ತುಂಬಿದವು. ಗ್ಯಾಸ್ ಒಲೆಯೂ ನನ್ನದೇ. ಲಿಂಗಸುಗೂರು ಕೈಯಿಂದ ತಿರುಗಿಸುವ ಹೊಲಿಗೆ ಮಷಿನ್ನು, ಆಳೆತ್ತರದ ಕನ್ನಡಿ, ಒಂದು ಟೇಬಲ್ ಫ್ಯಾನು ತಂದಳು. ಗುರುಗುಂಟಾ ತಂದದ್ದು ಹಗ್ಗದಿಂದ ಬಿಗಿದ ಹಾಸಿಗೆ, ರೊಟ್ಟಿ ಹಂಚು, ಒಂದು ಚೀಲ ಜೋಳದ ಹಿಟ್ಟು, ಮತ್ತೆ ಪುಸ್ತಕ. ಅವಳು ಅಷ್ಟನ್ನೇ ಗೋಡೆಯ ಪಕ್ಕಕ್ಕೆ ಸರಿಸಿಟ್ಟು ನಮ್ಮ ಸಾಮಾನಿನತ್ತ ನೋಡದೆ ಕೂತಳು.

ಆ ಸಂಕೋಚ ಬಹಳ ಬಾಳಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಪಟಪಟ ಸದ್ದು ಬಂತು. ಹೋಗಿ ನೋಡಿದರೆ ನಮ್ಮವ್ವನ ಪರಾತದಲ್ಲಿ ಗುರುಗುಂಟಾ ರೊಟ್ಟಿ ಬಡಿಯುತ್ತಿದ್ದಾಳೆ, ಹಂಚಿನ ಮೇಲೆ ಒಂದು ಉಬ್ಬುತ್ತಿದೆ. ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಚ್ಚಿಕೊಂಡು ನಾನು ಅಲ್ಲೇ ನಿಂತು ತಿಂದೆ. ಲಿಂಗಸುಗೂರು ಹೊಸ್ತಿಲ ಆಚೆಯಿಂದ ಕೈ ಚಾಚಿ ತಿಂದಳು. ಅವತ್ತಿನಿಂದ ನಿನ್ನದು ನನ್ನದು ಎಂಬ ಮಾತು ಆ ಮನೆಯಿಂದ ಹೊರಟೇ ಹೋಯಿತು. ಬಾಗಿಲ ಬಳಿ ಬಿಟ್ಟ ಚಪ್ಪಲಿಗಳಲ್ಲಿ ಒಳ್ಳೆಯದು ಮೊದಲು ಎದ್ದವಳಿಗೆ. ಒಂದೇ ಚಾರ್ಜರ್. ಯಾರ ಫೋನಿನಲ್ಲಿ ನೆಟ್ ಉಳಿದಿದೆಯೋ ಅವಳೇ ಅವತ್ತಿನ ದೇವರು. ಲಿಂಗಸುಗೂರು ಹೊಸ ಕುರ್ತಾ ಹೊಲಿದರೆ ಒಳಗೆ ಅಂಚು ಬಿಟ್ಟು, ಹುಕ್ಕು ಎರಡು ಸಾಲು ಹಾಕಿ ಹೊಲಿಯುತ್ತಿದ್ದಳು. ಆಗ ಅದು ಕಡ್ಡಿಯಂಥ ಗುರುಗುಂಟಾಳಿಗೂ ಬರುತ್ತಿತ್ತು, ನನ್ನಂಥ ದುಂಡಗಿನವಳಿಗೂ ಬರುತ್ತಿತ್ತು. ನಾನು ಬರೀ ಗಂಡುಮಕ್ಕಳಿದ್ದ ಓಣಿಯಲ್ಲಿ, ನನಗಿಂತ ಬಹಳ ದೊಡ್ಡವರಾದ ಅಕ್ಕಂದಿರು ಗಂಡನ ಮನೆಗೆ ಹೋದ ಮೇಲೆ ಒಬ್ಬಳೇ ಬೆಳೆದವಳು. ಯಾರೋ ನನ್ನ ಓಢಣಿ ಹೊದ್ದು ಹೋಗಿದ್ದಾರೆ ಎಂಬುದೇ ನನಗೆ ಹಬ್ಬವಾಗಿತ್ತು.

ಮನೆಯೊಡತಿ ಅಮ್ಮನವರದು ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯ ತೆಲುಗು ಮನೆತನ. ಮೊದಲ ವಾರವೇ ಒಂದು ಸ್ಟೀಲಿನ ಡಬರಿಯಲ್ಲಿ ಪುಂಡಿ ಪಚ್ಚಡಿ ತುಂಬಿ ಕಳಿಸಿದ್ದರು. ಪಚ್ಚಡಿ ಎರಡು ಊಟಕ್ಕೇ ಮುಗಿಯಿತು. ಡಬರಿ ಮಾತ್ರ ನಮ್ಮಲ್ಲೇ ಉಳಿಯಿತು, ಏಕೆಂದರೆ ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದು ನಮ್ಮ ಮೂರೂ ಊರಿನಲ್ಲಿ ನಡೆಯುವುದಿಲ್ಲ. ಏನಾದರೂ ತುಂಬಿ ಕೊಡಬೇಕು. ಏನು ತುಂಬುವುದು ಎಂದು ದಿನಾ ಮಾತಾಡಿ, ದಿನಾ ಮರೆತು, ಆ ಡಬರಿಯಲ್ಲಿ ನಾವು ಹಾಲು ಕಾಯಿಸತೊಡಗಿದೆವು. ಸ್ವಲ್ಪ ದಿನದಲ್ಲಿ ಅದು ಯಾರದೆಂಬುದೂ ಮರೆತುಹೋಯಿತು.

ಹೀಗೆ ಸುಖವಾಗಿದ್ದಾಗ ಗುರುಗುಂಟಾಳ ಅಪ್ಪನ ಫೋನು ಬಂತು. ಅವಳು ಮಾಳಿಗೆಯ ಮೇಲೆ ನಿಂತು ಮಾತಾಡಿ ಒಳಗೆ ಬಂದಾಗ ಮುಖ ಬಾಡಿತ್ತು.

"ಐತ್ವಾರ ನಮ್ಮಪ್ಪ ಬರಾಕತ್ತಾನ," ಎಂದಳು.

"ಬರ್ಲಿ ಬಿಡು. ಬ್ಯಾಸರಾ ಯಾಕ?" ಎಂದೆ ನಾನು.

"ರೂಮ್ ನೋಡಾಕ ಬರಾಕತ್ತಾನ. ಹಾಸ್ಟೆಲ್ ಅಲ್ಲ ಅಂತ ಮೊದಲ ಮನಸಿಲ್ಲ. ಮಂದಿ ಸಾಮಾನಿನ್ಯಾಗ ಸಂಸಾರ ಮಾಡಾಕತ್ತಿ ಅಂತ ಕಂಡ್ರ ಅವತ್ತ ಬಸ್ಸಿಗಿ ಹಾಸಿಗಿ ತಗೊಂಡ ಬಾ ಅಂದಾನ. ಮನ್ಯಾಗ ಕುಂತು ಪರೀಕ್ಷಾ ಕಟ್ಟು ಅಂದಾನ."

"ವಿಡಿಯೋ ಕಾಲ್ ಮಾಡಿ ತೋರ್ಸು ಬೇ," ಎಂದಳು ಲಿಂಗಸುಗೂರು.

"ಹೇಳಿದೆ. ಫೋನಿನ್ಯಾಗ ಒಂದ ಮೂಲಿ ಅಷ್ಟ ಕಾಣತೈತಿ, ನಾನ ಬಂದು ನೋಡ್ತೀನಿ ಅಂದ."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ಅವಳಪ್ಪ ಬೇರೆಯವರ ಹಂಗು ಸೇರದ ಮನುಷ್ಯ. ಬಿತ್ತನೆಯ ಹೊತ್ತಿಗೆ ಹಗ್ಗ ಕಿತ್ತರೂ ಪಕ್ಕದ ಹೊಲದವರನ್ನು ಕೇಳುವುದಿಲ್ಲ, ಮನೆಗೆ ಹೋಗಿ ಹೊಸದು ತರುತ್ತಾರೆ. ನೆರೆಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದರೂ ಅವ್ವನನ್ನು ಬೈಯುತ್ತಾರೆ. ಅಂಥವರಿಗೆ ಇವಳು ಫೋನಿನಲ್ಲಿ "ಎಲ್ಲಾ ಐತಿ ಯಪ್ಪಾ, ತಾಟು, ತಂಬಿಗಿ, ಎಲ್ಲಾ ನಂದ ಐತಿ" ಎಂದು ಹೇಳಿಬಿಟ್ಟಿದ್ದಾಳೆ. ಅವಳು ಮನೆಗೆ ಹೋದರೆ ಓದು ಮುಗಿದ ಹಾಗೆ ಎಂದು ಮೂವರಿಗೂ ಗೊತ್ತಿತ್ತು. ಕುರಿ, ಎಮ್ಮೆ, ಅಡುಗೆಯ ನಡುವೆ ಯಾರು ಪುಸ್ತಕ ತೆಗೆಯುತ್ತಾರೆ? ಅವಳು ಹೋದರೆ ಬಾಡಿಗೆ ಇಬ್ಬರಿಗೆ ಭಾರ, ರೊಟ್ಟಿಗೆ ಗತಿಯಿಲ್ಲ ಎಂದೆಲ್ಲ ನಾನು ತಮಾಷೆ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಅವಳಿಲ್ಲದ ಮನೆಯನ್ನು ನೆನೆಯುವುದೂ ಬೇಡವಾಗಿತ್ತು.

ಉಪಾಯ ಹೊಳೆದದ್ದು ನನಗೆ. ಕೆಟ್ಟ ಉಪಾಯಗಳೆಲ್ಲ ಮೊದಲು ನನಗೇ ಹೊಳೆಯುತ್ತವೆ.

"ಹೆಸರ ಹಾಕ್ಸೂನು!" ಎಂದು ಎದ್ದು ನಿಂತೆ. "ಬಾಂಡೆ ಅಂಗಡ್ಯಾಗ ಕೊಟ್ರ ಗರ್ ಅಂತ ಮಷಿನ್ ಹಚ್ಚಿ ಹೆಸರ ಹಾಕ್ತಾರ. ಎಲ್ಲಾ ಬಾಂಡೆ ಮ್ಯಾಲ ಈಕಿ ಹೆಸರ ಹಾಕ್ಸಿದ್ರ ಎಲ್ಲಾ ಈಕಿವ ಆದ್ವು."

"ಹೆಸರ ಹಾಕ್ಸಿದ್ರ ಆಕಿವ ಆಗ್ತಾವೇನ್ ಬೇ?" ಎಂದಳು ಲಿಂಗಸುಗೂರು.

"ನಮ್ಮೂರ ಗುಡ್ಡದ ಕಲ್ಲಮ್ಯಾಲ ಒಬ್ಬ ರಾಜ ಹೆಸರ ಕೆತ್ತಿಸಿ ಹೋಗ್ಯಾನ. ಎಷ್ಟೋ ಕಾಲ ಆತು, ಇನ್ನಾ ಅದು ಅವಂದ ಅಂತ ಸಾಲ್ಯಾಗ ಹೇಳಿಕೊಡ್ತಾರ. ಅವ ಕಲ್ಲು ಖರೀದಿ ಮಾಡಿದ್ನೇನ?"

"ಆ ರಾಜನ ಮನಿಗಿ ಈಕಿ ಅಪ್ಪ ಬಂದಿದ್ದಿಲ್ಲ."

ಗುರುಗುಂಟಾ ನಗಬಾರದು ಎಂದುಕೊಂಡೂ ನಕ್ಕಳು. ನಿಮ್ಮವ್ವ ಏನಂತಾಳೆ ಎಂದು ಕೇಳಿದಳು. ಅಟ್ಟದ ಮೇಲಿದ್ದಾಗ ನಮ್ಮವ್ವ ವರ್ಷಾನುಗಟ್ಟಲೆ ಅವುಗಳ ಮುಖ ನೋಡಿರಲಿಲ್ಲ, ಈಗ ಏನು ನೋಡುತ್ತಾಳೆ ಎಂದೆ. ಅಷ್ಟರಲ್ಲಿ ನಾನು ಚೀಲ ತೆಗೆದುಕೊಂಡು ತುಂಬತೊಡಗಿದ್ದೆ.

ಹುಮ್ಮಸ್ಸು ಬಂದರೆ ನನಗೆ ಹಿಂದೆ ಮುಂದೆ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಸ್ಟೀಲು ಎಂದು ಹೊಳೆದದ್ದನ್ನೆಲ್ಲ ಚೀಲಕ್ಕೆ ಹಾಕಿದೆ. ಬಜಾರಿನ ಪಾತ್ರೆ ಅಂಗಡಿಯ ಮಾಲೀಕರು ಚಷ್ಮಾ ಮೂಗಿಗಿಳಿಸಿ ಚೀಲ ನೋಡಿದರು.

"ಯಾರ ಮದಿವಿ ಯವ್ವಾ?"

"ಮದಿವಿ ಅಲ್ಲರೀ. ಒಬ್ರ ಅಪ್ಪ ಬರಾಕತ್ತಾರ."

ಅವರು ಮೊದಲ ತಾಟು ತಿರುಗಿಸಿ, ತಳದಲ್ಲಿ ಆಗಲೇ ಒಂದು ಹೆಸರಿದೆಯಲ್ಲ ಎಂದು ತೋರಿಸಿದರು. ನಮ್ಮವ್ವನ ಹೆಸರು, ಅದರ ಕೆಳಗೆ ಕೊಟ್ಟ ಸೋದರಮಾವನ ಹೆಸರು. ಕೆಲವದರ ಮೇಲೆ ಅಕ್ಕಂದಿರ ಹೆಸರುಗಳು. ತಳ ಯಾರು ನೋಡುತ್ತಾರೆ, ಹೊಸ ಹೆಸರು ಅಂಚಿನ ಮೇಲೆ, ಎದ್ದು ಕಾಣುವ ಹಾಗೆ ದೊಡ್ಡದಾಗಿ ಹಾಕಿ ಎಂದೆ. ಮಷಿನ್ನಿನ ಸೂಜಿ ಗರ್ರನೆ ಓಡಿತು. ಚುಕ್ಕೆ ಚುಕ್ಕೆಯಾಗಿ ನನ್ನ ಗೆಳತಿಯ ಹೆಸರು ಒಂದೊಂದೇ ಪಾತ್ರೆಯ ಮೇಲೆ ಮೂಡುವುದನ್ನು ನೋಡುತ್ತ ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಮನೆಗೆ ತಂದು ಗೂಡಿನಲ್ಲಿ ಹೆಸರು ಮುಂದೆ ಮಾಡಿ ಜೋಡಿಸಿದಾಗ ಲಿಂಗಸುಗೂರು ಕೂಡ ಸೊಂಟದ ಮೇಲೆ ಕೈಯಿಟ್ಟು ನಿಂತು "ಮಸ್ತ್ ಕಾಣ್ತಾವ ಬೇ" ಎಂದಳು. ಗುರುಗುಂಟಾ ಒಂದು ತಂಬಿಗೆ ತೆಗೆದು ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಅವಳ ಹೆಸರಿನ ಪಾತ್ರೆ ಅವಳ ಮನೆಯಲ್ಲೂ ಇರಲಿಲ್ಲವಂತೆ.

ಐತ್ವಾರ ಮುಂಜಾನೆಯ ಬಸ್ಸಿಗೆ ಅವಳಪ್ಪ ಬಂದರು. ಬಿಳಿ ಧೋತರ, ತಲೆಗೆ ಪಟಗ, ಹೆಗಲಿಗೆ ಟವೆಲ್ಲು, ಎದೆಗವಚಿಕೊಂಡ ಹಿಟ್ಟಿನ ಚೀಲ. ಬಸ್‌ಸ್ಟ್ಯಾಂಡಿನಲ್ಲಿ ಚೀಲದ ಹಿಡಿಕೆ ಕಿತ್ತುಹೋಗಿ ಕೂಸಿನಂತೆ ಎತ್ತಿಕೊಂಡು ಬಂದಿದ್ದರು. ಆಟೋ ಹತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದರು. ಕನ್ನಡಿ, ಫ್ಯಾನು, ಮಷಿನ್ನು, ಗೂಡಿನ ಪಾತ್ರೆಗಳು.

"ಬರ್ರಿ ಕಾಕಾರ, ಕೂಡ್ರಿ," ಎಂದೆ. ನನ್ನ ದನಿ ನನಗೇ ಪರಕೀಯವೆನಿಸಿತು.

"ಏ ಮಸ್ಕಿ, ಚಾಪಿ ಹಾಸ," ಎಂದಳು ಗುರುಗುಂಟಾ.

"ಲಿಂಗಸುಗೂರು, ನೀರು ತಾ ಬೇ," ಎಂದೆ ನಾನು.

ಅವರು ಚಾಪೆಯ ಮೇಲೆ ಕೂತು ತಂಬಿಗೆ ಕೈಗೆ ತೆಗೆದುಕೊಂಡರು. ಅಂಚಿನ ಮೇಲಿನ ಹೆಸರನ್ನು ಬೆರಳಿಟ್ಟು ಓದಿದರು. ಮಗಳತ್ತ ನೋಡಿದರು. ಆಮೇಲೆ ತಲೆ ಹಿಂದೆ ಮಾಡಿ ತಂಬಿಗೆಯನ್ನು ಮೇಲೆತ್ತಿ ಗಟಗಟ ಕುಡಿದರು. ಆ ಗಳಿಗೆ ನಮ್ಮವ್ವನ ಹೆಸರು ತಂಬಿಗೆಯ ತಳದಿಂದ ನೇರವಾಗಿ ನನ್ನನ್ನೇ ನೋಡಿತು. ಅವರು ತಂಬಿಗೆ ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಪಾರಾದೆವು ಎಂದುಕೊಂಡೆ.

ಊಟಕ್ಕೆ ರೊಟ್ಟಿ, ಮಡಕಿಕಾಳಿನ ಪಲ್ಯ, ಗುರೆಳ್ಳು ಹಿಂಡಿ. ಗುರುಗುಂಟಾ ಬಡಿದು ಹಾಕುತ್ತಿದ್ದಳು, ನಾನು ಬಡಿಸುತ್ತಿದ್ದೆ. ಅವಳು ಕಲಿಯುವ ಪಾಠ, ಮೇಷ್ಟ್ರು ಹೊಗಳಿದ್ದು, ಪರೀಕ್ಷೆಯಲ್ಲಿ ಮೊದಲು ಬರುವವಳು ಇವಳೇ ಎಂಬುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು "ಹೂಂ" ಎಂದಷ್ಟೇ ಅನ್ನುತ್ತಿದ್ದರು. ಒಳಕೋಣೆಯಲ್ಲಿ ಮಷಿನ್ನಿನ ಸದ್ದು ಕೇಳುತ್ತಿತ್ತು. ಲಿಂಗಸುಗೂರು ಹಿಟ್ಟನ್ನು ಡಬ್ಬಿಗೆ ಸುರಿದು, ಅವರ ಚೀಲದ ಕಿತ್ತ ಹಿಡಿಕೆಗೆ ಗಟ್ಟಿ ಪಟ್ಟಿ ಇಟ್ಟು ಹೊಲಿಯುತ್ತಿದ್ದಳು. ಅವಳಿಗೆ ಕಿತ್ತದ್ದು ಕಂಡರೆ ಕೈ ತುರಿಸುತ್ತದೆ, ಯಾರದೆಂದು ಕೇಳುವವಳಲ್ಲ. ಊಟದ ನಡುವೆ ಅವರು "ರೊಟ್ಟಿ ನಿಮ್ಮವ್ವ ಮಾಡಿದಂಗ ಐತಿ" ಎಂದರು. ಗುರುಗುಂಟಾ ಅಡುಗೆಮನೆಯಿಂದ ಇಣುಕಿ ನನಗೆ ಕಣ್ಣು ಮಿಟುಕಿಸಿದಳು. ಗೆದ್ದೇಬಿಟ್ಟೆವು ಎಂದು ನನಗೆ ಒಳಗೊಳಗೇ ಕುಣಿತ ಶುರುವಾಯಿತು.

ಆಗ ಅವರು ತಾಟು ಹಿಡಿದು ಎದ್ದರು. ಉಂಡ ತಾಟನ್ನು ತಾವೇ ತೊಳೆದಿಡುವುದು ಆ ಮನೆಯ ರೂಢಿ ಎಂದು ನನಗೆ ಯಾರು ಹೇಳಬೇಕಿತ್ತು? ಹೇಳಬೇಕಾದವಳು ಹಂಚಿನ ಮುಂದೆ ಕೂತಿದ್ದಳು. ಅವಳು ಹಿಟ್ಟುಗೈಯಲ್ಲೇ ಓಡಿಬಂದಳು.

"ಬಿಡು ಯಪ್ಪಾ, ನಾ ತೊಳಿತೀನಿ!"

"ನನ್ನ ತಾಟು ನಾ ತೊಳಿದ್ರ ಕೈ ಸವೀತಾವೇನ್?"

ಮಾಳಿಗೆಯ ನಳದ ಕೆಳಗೆ ಕೂತು ತಾಟು ಉಜ್ಜಿದರು. ತಂಬಿಗೆ ತೊಳೆದರು. ಪಲ್ಯದ ಬೋಗುಣಿ ತೊಳೆದರು. ಒಂದೊಂದನ್ನೇ ನೀರು ಸೋರಲೆಂದು ಗೋಡೆಯ ಮೇಲೆ ಬೋರಲು ಹಾಕಿದರು. ಬಿಸಿಲಿಗೆ ತಳದ ಹೆಸರುಗಳು ಒಂದಕ್ಕಿಂತ ಒಂದು ಹೊಳೆಯುತ್ತಿದ್ದವು. ನಮ್ಮವ್ವ, ದೊಡ್ಡಕ್ಕ, ಸೋದರಮಾವ. ನಮ್ಮ ಇಡೀ ಮನೆತನ ಅಲ್ಲಿ ಸಾಲಾಗಿ ಕೂತಿತ್ತು. ಅವರು ಟವೆಲ್ಲಿಗೆ ಕೈ ಒರೆಸಿಕೊಂಡು ಒಂದೊಂದೇ ಹೆಸರನ್ನು ಓದುತ್ತ ನಿಂತರು.

ಇದು ಸಾಲದೆಂಬಂತೆ ಮೆಟ್ಟಿಲ ಮೇಲೆ ಮನೆಯೊಡತಿ ಅಮ್ಮನವರ ದನಿ ಕೇಳಿತು.

"ಅಮ್ಮಾಯಿ, ನನ್ನ ಡಬರಿ ಎಲ್ಲಿ? ಆ ಪಚ್ಚಡಿದು. ನೆಂಟರು ಬರ್ತಾ ಇದಾರೆ, ಹಾಲಿಗೆ ಬೇಕು."

ಗೂಡಿನಲ್ಲಿ ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಗುರುಗುಂಟಾಳ ಹೆಸರು ಹೊತ್ತು ಕೂತಿತ್ತು ಅವರ ಡಬರಿ. ಅಮ್ಮ ಒಳಗೆ ಬಂದು, ಅದನ್ನು ಕೈಗೆತ್ತಿಕೊಂಡು, ಒಮ್ಮೆ ಅಂಚು ನೋಡಿದರು, ಒಮ್ಮೆ ನಮ್ಮನ್ನು ನೋಡಿದರು.

"ಇದೇನಮ್ಮಾ? ನಮ್ಮ ಅತ್ತೆ ಕೊಟ್ಟಿದ್ದು ಇದು!"

ಲಿಂಗಸುಗೂರು ಒಳಗಿನಿಂದ "ಯಾ ಅಲ್ಲಾ" ಎಂದಳು. ಆಗ ಮಾತಾಡಿದವಳು ಗುರುಗುಂಟಾ.

"ಯಪ್ಪಾ, ಒಂದೂ ನಂದಲ್ಲ," ಎಂದಳು. "ಬಾಂಡೆ, ಒಲಿ ಮಸ್ಕಿದು. ಫ್ಯಾನು, ಕನ್ನಡಿ ಲಿಂಗಸುಗೂರಿಂದು. ನಾ ನಿನಗ ಸುಳ್ಳ ಹೇಳೀನಿ. ನೀ ಕರ್ಕೊಂಡ ಹೋಗ್ತಿ ಅಂತ ಇವರು ಹಿಂಗ ಮಾಡ್ಯಾರ."

"ನಂದ ಉಪಾಯ ಕಾಕಾರ, ಆಕಿಗಿ ಬೈಬ್ಯಾಡ್ರಿ," ಎಂದೆ.

ಅಮ್ಮನವರಿಗೆ ಆಗ ವಿಷಯ ಅರ್ಥವಾಯಿತು. ಡಬರಿಯನ್ನು ಸೆರಗಿನಿಂದ ಒರೆಸುತ್ತ, "ಪರವಾಗಿಲ್ಲಯ್ಯ, ಹೆಸರು ಇರ್ಲಿ ಬಿಡಿ. ಈ ಹುಡುಗಿ ದೊಡ್ಡ ಆಫೀಸರ್ ಆದ್ರೆ ನನಗೆ ಅವಳೇ ಕೊಟ್ಟಿದ್ದು ಅಂತ ಹೇಳ್ಕೋತೀನಿ" ಎಂದು ಅವಳಪ್ಪನಿಗೆ ಹೇಳಿ ಕೆಳಗಿಳಿದರು. ಅವಳಪ್ಪ ನಗಲಿಲ್ಲ.

"ನಿಮ್ಮ ಬಾಂಡ್ಯಾಗ ಈಕಿ ಉಂಡ್ರ ಆ ಹಂಗು ನನ್ನ ತಲಿಮ್ಯಾಲ ಬರತೈತಿ ಯವ್ವಾ," ಎಂದು ನನಗೆ ಹೇಳಿದರು. ಸಿಟ್ಟಿನಿಂದಲ್ಲ, ಮಳೆಯ ವಿಷಯ ಹೇಳುವ ಹಾಗೆ. ಆಮೇಲೆ ಮಗಳ ಕಡೆ ತಿರುಗಿ, "ಬಸ್ ಯಾ ಹೊತ್ತಿಗೈತಿ?" ಎಂದು ಕೇಳಿದರು. ಅವಳು ಹೇಳಿದಳು. ಅವರು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು, "ಬಜಾರಿಗಿ ಹೋಗಿ ಬರ್ತೀನಿ" ಎಂದು ಮೆಟ್ಟಿಲಿಳಿದರು.

ಗುರುಗುಂಟಾ ಅಳಲಿಲ್ಲ. ಹಾಸಿಗೆ ಸುತ್ತಿದಳು. ಹಗ್ಗ ಹಾಕಿ, ಮೊಣಕಾಲೂರಿ ಬಿಗಿದು, ಅವರ ಊರಿನಲ್ಲಿ ಕುರಿ ಕಟ್ಟುವಾಗ ಹಾಕುವ ಗಂಟು ಹಾಕಿದಳು. ನಾನು ಹೋಗಿ ಆ ಸುರುಳಿಯ ಮೇಲೆ ಕೂತುಬಿಟ್ಟೆ.

"ಏಳ ಮಸ್ಕಿ."

"ಏಳಂಗಿಲ್ಲ. ನನ್ನನ್ನೂ ಸುತ್ತಿ ಬಸ್ಸಿನ ಮ್ಯಾಲ ಹಾಕು."

ಲಿಂಗಸುಗೂರು ಎರಡೂ ಭಾಷೆಯಲ್ಲಿ ನನ್ನನ್ನು ಬೈದಳು. ಮೊದಲೇ ಸುಮ್ಮನೆ ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಚಾಚಾ ಒಪ್ಪುತ್ತಿದ್ದರೇನೋ ಎಂದಳು. ಆಮೇಲೆ ಗುರುಗುಂಟಾಳ ಹೊಸ ಕುರ್ತಾ ಮಡಿಚಿ ಅವಳ ಚೀಲಕ್ಕೆ ಇಟ್ಟಳು. ಅದು ನಿಜವಾಗಿ ಯಾರ ಕುರ್ತಾ ಎಂದು ಮೂವರಿಗೂ ಗೊತ್ತಿರಲಿಲ್ಲ. ಆಗ ನಾವು ಅತ್ತೆವು, ಮೊದಲು ನಾನು.

ಅವರು ಬಂದ ಸದ್ದು ಕೇಳಿ ಮುಖ ಒರೆಸಿಕೊಂಡೆವು. ಅವರ ಹೆಗಲ ಮೇಲೆ ಫಳಫಳ ಹೊಳೆಯುವ ದೊಡ್ಡ ಸ್ಟೀಲಿನ ಕೊಡವಿತ್ತು. ಅದನ್ನು ನೆಲಕ್ಕಿಳಿಸಿ ಸುಧಾರಿಸಿಕೊಂಡರು. ಆಮೇಲೆ ಚೀಲವನ್ನು ಹೆಗಲಿನಿಂದ ತೆಗೆದು ಹಿಡಿಕೆಯನ್ನು ನಮ್ಮ ಮುಂದೆ ಎತ್ತಿ ಹಿಡಿದರು.

"ಇದನ್ನ ಯಾರು ಹೊಲದ್ರು?"

ಲಿಂಗಸುಗೂರು ಹೆದರಿ ಕೈ ಎತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ.

"ಅರ್ಧಾ ಹಾದಿಗಿ ಹೋದಮ್ಯಾಲ ನೋಡಿದೆ. ಕೇಳಲಾರದ ಹೊಲದಿ. ಈಗ ಏನ ಮಾಡ್ಲಿ? ಹೊಲಿಗಿ ಬಿಚ್ಚಿ ವಾಪಸ್ ಕೊಡಾಕ ಬರತೈತೇನ್?" ಅವರು ಚೀಲ ಕೆಳಗಿಟ್ಟರು. "ಹಂಗು ಬ್ಯಾಡ ಅಂತ ಬಂದಾಂವ ನಾನ ಹೊತಗೊಂಡು ಹೊಂಟಿದ್ದೆ. ಅಲ್ಲೇ ನಿಂತು ನಗು ಬಂತು."

ಅವರು ಕೊಡವನ್ನು ನಮ್ಮ ಮೂವರ ನಡುವೆ ಸರಿಸಿದರು.

"ಅಂಗಡಿಯಾಂವನೂ ನಕ್ಕ. ಹೆಸರ ಹಾಕ್ರಿ ಅಂದ್ರ, ಒಂದು ದುಂಡನ ಹುಡುಗಿ ಚೀಲ ತುಂಬ ಬಾಂಡೆ ತಂದಿತ್ತು ಅಂದ." ನನ್ನತ್ತ ನೋಡಿದರು. "ನಿಮ್ಮ ಹೆಸರ ನನಗ ಗೊತ್ತಿಲ್ಲ ಯವ್ವಾ. ಮುಂಜಾನಿಂದ ಒಬ್ರಿಗೊಬ್ರು ಊರ ಹಿಡದು ಕೂಗಾಕತ್ತೀರಿ. ಅದನ್ನ ಹಾಕ್ಸೀನಿ."

ಕೊಡದ ಕುತ್ತಿಗೆಯ ಸುತ್ತ ಚುಕ್ಕೆ ಚುಕ್ಕೆಯ ಅಕ್ಷರಗಳಿದ್ದವು. ನಾನು ಬಗ್ಗಿ ಓದಿದೆ. ಮಸ್ಕಿ. ಕೊಡ ತಿರುಗಿಸಿದೆ. ಲಿಂಗಸುಗೂರು. ಇನ್ನೂ ತಿರುಗಿಸಿದೆ. ಗುರುಗುಂಟಾ. ಮತ್ತೆ ಮಸ್ಕಿ ಬಂತು. ನನಗೆ ಮುಂದೆ ಏನೂ ಕಾಣಲಿಲ್ಲ, ಕಣ್ಣು ತುಂಬಿಬಿಟ್ಟಿತ್ತು.

"ತಳಾನೂ ನೋಡ್ಕೊಳ್ರಿ," ಎಂದು ಅವರು ಕೊಡವನ್ನು 'ಢಣ್' ಎಂದು ಬೋರಲು ಹಾಕಿದರು. "ಯಾರ ಹೆಸರೂ ಇಲ್ಲ. ಸಾಫ್ ಐತಿ."

ನನ್ನಿಂದ ತಡೆಯಲಾಗಲಿಲ್ಲ. ಅಳುತ್ತಲೇ ಕಿಸಕ್ಕನೆ ನಕ್ಕೆ. ನನ್ನ ನಗೆ ಲಿಂಗಸುಗೂರಿಗೆ ಹತ್ತಿತು. ಗುರುಗುಂಟಾ ಮಾತ್ರ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾದ ಮಾತನ್ನು ಅವರಿನ್ನೂ ಆಡಿರಲಿಲ್ಲ. "ನೀರ ತುಂಬು ಹೋಗು, ನೀರಡಿಸೇನಿ" ಎಂದರು. ಅವಳು ಕೊಡವನ್ನು ಸೊಂಟಕ್ಕೇರಿಸಿ ನಳಕ್ಕೆ ಹೋದಳು.

ನಾನು ಆಗಲೇ ಹಾಸಿಗೆಯ ಮುಂದೆ ಕೂತು ಹಗ್ಗಕ್ಕೆ ಕೈ ಹಾಕಿದ್ದೆ. ಉಗುರಿನಿಂದ ಎಳೆದೆ, ಬಿಚ್ಚಲಿಲ್ಲ. ಲಿಂಗಸುಗೂರು ಹಲ್ಲು ಹಚ್ಚಿದಳು, ಬಿಚ್ಚಲಿಲ್ಲ. ಕತ್ತರಿ ತರುತ್ತೇನೆ ಎಂದು ಅವಳು ಎದ್ದಳು.

"ಹಗ್ಗ ಕೊಯ್ಬ್ಯಾಡ್ರಿ. ಸರೀರಿ," ಎಂದರು ಅವಳಪ್ಪ. ನಮ್ಮಿಬ್ಬರ ನಡುವೆ ಕುಕ್ಕರುಗಾಲಲ್ಲಿ ಕೂತು, ಗಂಟಿನ ಒಂದು ತುದಿ ಹುಡುಕಿ ಹಿಡಿದರು. ನಳದ ಕಡೆಯಿಂದ ಬರುತ್ತಿದ್ದ ಮಗಳು ತುಂಬಿದ ಕೊಡ ಹೊತ್ತು ಬಾಗಿಲಲ್ಲೇ ನಿಂತಳು. ಅವರು ಅವಳನ್ನೊಮ್ಮೆ ನೋಡಿ ಒಂದೇ ಸಲ ಎಳೆದರು. ಹಾಸಿಗೆ ಗೋಡೆಯ ತನಕ ಉರುಳಿ ಬಿಚ್ಚಿಕೊಂಡಿತು.